ನಾಲ್ಕಕ್ಷರದ ವರದಿ, ಪಿಯುಸಿ ಅರ್ಜಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುವಾರ, ತಾಲ್ಲೂಕು ಕೇಂದ್ರದ ಕಲ್ಯಾಣ ಮಂಟಪವೊಂದರಲ್ಲಿ ‘ಮುಂದೇನು?’ ಶಿಬಿರ. ಊಟದ ಹಾಲ್‌ನಲ್ಲಿ ಸಾಲಾಗಿ ಮೇಜುಗಳು, ಒಂದರ ಮುಂದೆ ಅಪ್ಪ ಮತ್ತು ಮಗಳು. ಅವಳ ಕೈಯಲ್ಲಿ ಎಂಬಿಟಿಐ (ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್) ಎಂಬ ಸ್ವಭಾವ ಪರೀಕ್ಷೆಯ ಇಪ್ಪತ್ತು ಪುಟದ ಬಣ್ಣದ ವರದಿ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಐಎನ್‌ಎಫ್‌ಪಿ ಎಂದಿದೆ. ಅಪ್ಪ ನೇರವಾಗಿ ಕೊನೆಯ ಪುಟಕ್ಕೆ ಹೋದರು, ಉದ್ಯೋಗಗಳ ಪಟ್ಟಿ ಇದ್ದದ್ದು ಅಲ್ಲಿ. ಬರಹಗಾರ, ಆಪ್ತಸಮಾಲೋಚಕ, ಗ್ರಂಥಪಾಲಕ, ಸಮಾಜಸೇವಕ. ಅವರು ಬೆರಳಿಟ್ಟು ಹುಡುಕಿದ್ದು ಡಾಕ್ಟರ್. ಮಗಳು ಪಕ್ಕದಿಂದ ಬಗ್ಗಿ ಹುಡುಕಿದ್ದು ಎಂಜಿನಿಯರ್. ಎರಡೂ ಇರಲಿಲ್ಲ. ಮೇಜಿನಾಚೆಯ ಯುವಕ, ‘ಸಾರ್, ಈ ಟೈಪಿನವರಿಗೆ ಸೈನ್ಸ್ ಅಷ್ಟು ಒಗ್ಗಲ್ಲ’ ಎಂದ. ಹುಡುಗಿಗೆ ಗಣಿತದಲ್ಲಿ 97 ಬಂದಿತ್ತು. ಮನೆಯ ಅಡಿಕೆ ತೋಟದ ಹನಿ ನೀರಾವರಿಗೆ ಟೈಮರ್ ಕೂರಿಸಿದ್ದು ಅವಳೇ ಎಂದು ಅಪ್ಪ ಸ್ವಲ್ಪ ಹೆಮ್ಮೆಯಿಂದ ಹೇಳಿದರು. ಯುವಕ ವರದಿ ನೋಡಿದ, ಹುಡುಗಿಯನ್ನು ನೋಡಿದ, ಮತ್ತೆ ವರದಿಯನ್ನೇ ನಂಬಿದ.

ಮೂಗಿಗಿಂತ ಮೂಗುತಿ ಭಾರ ಆಗುವುದು ಹೀಗೆ. ಇಷ್ಟಾಗಿ ಆ ವರದಿಯೇನೂ ಕಸವಲ್ಲ. ಅದರಲ್ಲಿ ಕೆಲಸಕ್ಕೆ ಬರುವ ಹದಿನೆಂಟು ಪುಟಗಳಿದ್ದವು, ಅವನ್ನು ಯಾರೂ ಓದಲಿಲ್ಲ. ಎಲ್ಲರೂ ಓದಿದ್ದು ಕೆಲಸಕ್ಕೆ ಬಾರದ ಕೊನೆಯ ಎರಡು ಪುಟ.

ಎಡಗೈ ಸಹಿ

ಈ ಪರೀಕ್ಷೆಯನ್ನು ಸರಿಯಾಗಿ ಮಾಡಿಸುವವರು ಪ್ರಶ್ನೆಪತ್ರಿಕೆ ಕೊಡುವ ಮೊದಲು ಎರಡು ನಿಮಿಷದ ಒಂದು ಕೆಲಸ ಮಾಡಿಸುತ್ತಾರೆ. ಹಾಳೆಯ ಮೇಲೆ ನಿಮ್ಮ ಸಹಿ ಹಾಕಿ. ಈಗ ಅದರ ಕೆಳಗೆ ಇನ್ನೊಂದು ಕೈಯಲ್ಲಿ ಹಾಕಿ. ಎರಡನೆಯದೂ ಬರುತ್ತದೆ, ಆದರೆ ನಿಧಾನ, ವಕ್ರ, ನಾಲಿಗೆ ಹಲ್ಲಿನ ನಡುವೆ. ಈ ಪರೀಕ್ಷೆ ಹುಡುಕುವ ‘ಒಲವು’ ಎಂದರೆ ಇಷ್ಟೇ: ಯಾವ ಕೈ ತಾನಾಗಿ ಮುಂದೆ ಬರುತ್ತದೆ ಅನ್ನುವುದು. ಯಾವ ಕೈಗೆ ಎಷ್ಟು ಕಸುವಿದೆ ಅನ್ನುವುದು ಬೇರೆ ಮಾತು. ಎಡಗೈಯಲ್ಲಿ ವರ್ಷಗಟ್ಟಲೆ ಬರೆದವರ ಅಕ್ಷರ ಮುತ್ತಿನಂತಿರಬಹುದು. ಬಲಗೈಯವರ ಅಕ್ಷರ ಕಾಗೆಕಾಲಾಗಿರಬಹುದು.

ವರದಿಯ ಒಂದೊಂದು ಅಕ್ಷರವೂ ಒಂದೊಂದು ಜೋಡಿಯಿಂದ ಬರುತ್ತದೆ. ಆ ನಾಲ್ಕು ಜೋಡಿಗಳನ್ನು ಕನ್ನಡದಲ್ಲಿ ಹೇಳುವಾಗ ಒಂದಿಷ್ಟು ಎಚ್ಚರ ಬೇಕು. ಇ ಮತ್ತು ಐ, ಬಹಿರ್ಮುಖ ಮತ್ತು ಅಂತರ್ಮುಖ: ಕಸುವು ತುಂಬಿಕೊಳ್ಳುವುದು ಜನರ ನಡುವೆಯೋ ಒಬ್ಬರೇ ಇದ್ದಾಗಲೋ. ಐ ಎಂದರೆ ನಾಚಿಕೆ ಸ್ವಭಾವವಲ್ಲ. ಎಸ್ ಮತ್ತು ಎನ್: ಮೊದಲು ಕಣ್ಣಿಗೆ ಬೀಳುವುದು ಎದುರಿಗಿರುವ ವಿವರವೋ, ಅದರಿಂದ ಹೊಳೆಯುವ ಸಾಧ್ಯತೆಯೋ. ಟಿ ಮತ್ತು ಎಫ್: ತೀರ್ಮಾನಕ್ಕೆ ಮೊದಲು ಹಿಡಿಯುವ ತಕ್ಕಡಿ ತರ್ಕದ್ದೋ, ಯಾರಿಗೆ ಏನಾಗುತ್ತದೆ ಎಂಬುದರದೋ. ಎಫ್ ಎಂದರೆ ಅಳುಬುರುಕುತನವಲ್ಲ, ಟಿ ಎಂದರೆ ಜಾಣತನವೂ ಅಲ್ಲ. ಕೊನೆಯದಾಗಿ ಜೆ ಮತ್ತು ಪಿ: ವಿಷಯ ಮುಗಿದು ಕಟ್ಟಿಟ್ಟರೆ ನೆಮ್ಮದಿಯೋ, ಇನ್ನೂ ತೆರೆದಿದ್ದರೆ ನೆಮ್ಮದಿಯೋ. ಜೆ ಮಕ್ಕಳು ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಬಣ್ಣದ ಪೆನ್ನಿನಲ್ಲಿ ಟೈಂಟೇಬಲ್ ಬರೆದು ಗೋಡೆಗೆ ಅಂಟಿಸುತ್ತಾರೆ. ಪಿ ಮಕ್ಕಳೂ ಬರೆಯುತ್ತಾರೆ, ಅದನ್ನು ಎಲ್ಲಿಟ್ಟೆವು ಎಂದು ಆಮೇಲೆ ಹುಡುಕುತ್ತಾರೆ. ಹಿಂದಿನ ರಾತ್ರಿಯ ಒತ್ತಡದಲ್ಲಿ ಅವರು ಓದುವ ವೇಗ ನೋಡಿದ ಜೆ ಅಮ್ಮಂದಿರಿಗೆ ರಕ್ತದೊತ್ತಡ ಏರುತ್ತದೆ.

ಇದರ ಬೇರು ಸ್ವಿಸ್ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಮುಂದಿಟ್ಟ ವಿಂಗಡಣೆಯಲ್ಲಿದೆ. ಪ್ರಶ್ನಾವಳಿಯ ರೂಪ ಕೊಟ್ಟವರು ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್. ಎರಡನೇ ಮಹಾಯುದ್ಧದ ಕಾಲ, ಜನ ಹೊಸ ಹೊಸ ಕೆಲಸಗಳಿಗೆ ಸೇರುತ್ತಿದ್ದಾಗ ಯಾರಿಗೆ ಯಾವುದು ಒಗ್ಗೀತು ಎಂದು ತಿಳಿಯಲು ಇಸಾಬೆಲ್ ಈ ಕೆಲಸಕ್ಕೆ ಕೈ ಹಾಕಿದರು. ಹುಟ್ಟಿದ್ದೇ ಉದ್ಯೋಗದ ಪ್ರಶ್ನೆಯಿಂದ ಎನ್ನಬಹುದು. ಆದರೆ ಇವತ್ತು ಅದನ್ನು ಮಾರುವ ಸಂಸ್ಥೆಯೇ ಯಾರನ್ನೂ ಕೆಲಸಕ್ಕೆ ಆರಿಸಲು ಅಥವಾ ತಿರಸ್ಕರಿಸಲು ಇದನ್ನು ಬಳಸಕೂಡದು ಅನ್ನುತ್ತದೆ. ಕೆಲಸ ಕೊಡುವವರು ಬಳಸಬಾರದ ಮಾನದಂಡವನ್ನು ಹದಿನೈದರ ಮಗು ತನ್ನ ಮೇಲೆ ತಾನೇ ಬಳಸಿಕೊಳ್ಳಬೇಕೆ?

ಪಟ್ಟಿ ಬಂದದ್ದೆಲ್ಲಿಂದ

ಕೊನೆಯ ಪುಟದ ಉದ್ಯೋಗ ಪಟ್ಟಿಗಳ ಮೂಲ ತುಂಬ ಸರಳ. ಬೇರೆ ಬೇರೆ ಕೆಲಸಗಳಲ್ಲಿ ಇದ್ದವರಿಗೆ ಈ ಪ್ರಶ್ನಾವಳಿ ಕೊಟ್ಟು, ಯಾವ ಕೆಲಸದಲ್ಲಿ ಯಾವ ಟೈಪಿನವರು ಎಷ್ಟು ಮಂದಿ ಎಂದು ಎಣಿಸಿದರು. ಎಣಿಕೆ ಬಹುಪಾಲು ಅಮೆರಿಕದ್ದು, ಅದರಲ್ಲೂ ಹಳೆಯ ತಲೆಮಾರಿನದು. ಒಂದು ಕೆಲಸದಲ್ಲಿ ಯಾರು ಹೆಚ್ಚು ಇದ್ದಾರೆ ಎಂದು ಅದು ಹೇಳೀತು. ಯಾರು ಅದನ್ನು ಚೆನ್ನಾಗಿ ಮಾಡುತ್ತಾರೆ, ಯಾರು ಅದರಲ್ಲಿ ಸುಖವಾಗಿದ್ದಾರೆ ಎಂದು ಹೇಳಲಾರದು. ಆ ಎಣಿಕೆಯಲ್ಲೂ ಹೆಚ್ಚುಕಡಿಮೆ ಪ್ರತಿ ಉದ್ಯೋಗದಲ್ಲಿ, ನಾಲ್ಕು ಜೋಡಿಗಳಿಂದಾಗುವ ಹದಿನಾರೂ ಟೈಪಿನವರು ಸಿಗುತ್ತಾರೆ, ಏರುಪೇರು ಇರುವುದು ಪ್ರಮಾಣದಲ್ಲಿ ಮಾತ್ರ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯೊಂದು, ವೃತ್ತಿ ಸಮಾಲೋಚನೆಯಲ್ಲಿ ಇದನ್ನು ಬಳಸುವುದಕ್ಕೆ ಸಾಕಷ್ಟು ಗಟ್ಟಿಯಾದ ಅಧ್ಯಯನಗಳ ಬೆಂಬಲ ಇಲ್ಲ ಎಂದೇ ಬರೆಯಿತು.

ಇನ್ನೊಂದು ತೊಡಕು ಲೆಕ್ಕದ್ದು. ಬಹಳಷ್ಟು ಜನರ ಅಂಕ ಬೀಳುವುದು ನಡುವಿನಲ್ಲಿ, ಅಕ್ಷರ ಬೇರೆಯಾಗುವ ಗೆರೆಯೂ ನಡುವಿನಲ್ಲೇ. ತರಗತಿಯ ಸರಾಸರಿ 50 ಬರುವ ಪರೀಕ್ಷೆಯಲ್ಲಿ ಪಾಸು ಗೆರೆಯನ್ನೂ 50ಕ್ಕೇ ಎಳೆದರೆ ಏನಾದೀತು? 49 ಮತ್ತು 51 ಬೇರೆ ಬೇರೆ ಜಾತಿ ಆಗುತ್ತವೆ, 51 ಮತ್ತು 90 ಒಂದೇ ಜಾತಿ. ಒಂದೊಂದು ಅಕ್ಷರ ತಿಂಗಳು ಬಿಟ್ಟು ಮತ್ತೆ ಅದೇ ಬರುವ ಸಾಧ್ಯತೆ ಶೇ 85 ಎಂದಿಟ್ಟುಕೊಳ್ಳಿ, ಕೇಳಲು ಚೆನ್ನಾಗಿದೆ. ನಾಲ್ಕೂ ಅದೇ ಬರಬೇಕೆಂದರೆ 0.85ನ್ನು ನಾಲ್ಕು ಸಲ ಗುಣಿಸಬೇಕು, ಸಿಗುವುದು 0.52. ನಾಣ್ಯ ಚಿಮ್ಮಿದಷ್ಟೇ. ಹೀಗಾಗಿ ನಾಲ್ಕಕ್ಷರವನ್ನು ಒಟ್ಟಾಗಿ ಹೆಸರಿನಂತೆ ಹಿಡಿಯುವುದಕ್ಕಿಂತ ಒಂದೊಂದೇ ಅಕ್ಷರವನ್ನು ಬಿಡಿಯಾಗಿ ನೋಡುವುದು ಕ್ಷೇಮ. ವರದಿಯಲ್ಲಿ ಒಂದು ಜೋಡಿಯ ಸ್ಪಷ್ಟತೆ ‘ಅಲ್ಪ’ ಎಂದಿದ್ದರೆ ಆ ಜಾಗದಲ್ಲಿ ಅಕ್ಷರ ಅಳಿಸಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಐ?ಎಫ್‌ಪಿ. ನೋಡಲು ವಿಚಿತ್ರ, ಆದರೆ ಪ್ರಾಮಾಣಿಕ. ಅಲ್ಲಿರುವ ಅಂಕಿಯನ್ನೂ ತಪ್ಪಾಗಿ ಓದುವವರೇ ಹೆಚ್ಚು. ಐ 28 ಬಂದವನು ಐ 10 ಬಂದವನಿಗಿಂತ ಹೆಚ್ಚು ಅಂತರ್ಮುಖಿ ಎಂದೇನಲ್ಲ. ಅವನು ಆ ಕಡೆಗೆ ಸೇರಿದವನು ಎನ್ನುವುದರಲ್ಲಿ ಗೊಂದಲ ಕಡಿಮೆ ಎಂದಷ್ಟೇ ಅದರ ಅರ್ಥ.

(ನೆಟ್‌ನಲ್ಲಿ ಪುಕ್ಕಟೆ ಸಿಗುವ, ನಾಲ್ಕಕ್ಷರದ ಮುಂದೆ ಗೀಟು ಹಾಕಿ ಎ ಅಥವಾ ಟಿ ಸೇರಿಸುವ ಪರೀಕ್ಷೆ ಇದಲ್ಲ. ಅಕ್ಷರಗಳು ಇವೇ, ಒಳಗಿನ ಅಳತೆ ಬೇರೆ. ಮಕ್ಕಳು ಇನ್‌ಸ್ಟಾಗ್ರಾಂ ಬಯೋದಲ್ಲಿ ಐಎನ್‌ಎಫ್‌ಜೆ ಎಂದು ಹಾಕಿಕೊಳ್ಳುವುದಕ್ಕೆ ಅದು ಅಪರೂಪದ ಟೈಪ್ ಎಂಬ ಕೀರ್ತಿಯೂ ಕಾರಣ. ಹದಿನೈದರಲ್ಲಿ ಯಾರಿಗೆ ಅಪರೂಪ ಆಗುವುದು ಬೇಡ? ಇದೇ ಶಿಬಿರಗಳಲ್ಲಿ ಬೆರಳಚ್ಚು ತೆಗೆದುಕೊಂಡು ಬುದ್ಧಿ ಎಷ್ಟಿದೆ, ಎಂಥದು ಎಂದು ಹೇಳುತ್ತೇವೆ ಎನ್ನುವ ಮೇಜೂ ಇರುತ್ತದೆ. ಅದರ ಹತ್ತಿರ ಸುಳಿಯದಿರುವುದು ಒಳ್ಳೆಯದು.)

ಪರೀಕ್ಷೆ ಕೊಡುವ ಗಳಿಗೆಯೂ ಮುಖ್ಯ. ಫಲಿತಾಂಶದ ವಾರ, ಪಕ್ಕದಲ್ಲಿ ಅಪ್ಪ ಕುಳಿತಿರುವಾಗ ಮಕ್ಕಳು ‘ನಾನು ಹೇಗಿರಬೇಕು’ ಎಂದು ಟಿಕ್ ಮಾಡುತ್ತಾರೆ. ಒಂಬತ್ತನೇ ತರಗತಿಯ ದಸರಾ ರಜೆ ಇದಕ್ಕಿಂತ ಎಷ್ಟೋ ವಾಸಿ. ‘ಸ್ಕೂಲ್ ಶೂ ಬಿಚ್ಚಿಟ್ಟ ಮೇಲಿನ ನೀನು ಹೇಗೆ?’ ಎಂದು ಕೇಳಿ ಕೂರಿಸಬೇಕು. ಪ್ರಶ್ನೆಗಳಲ್ಲಿ ಪಾರ್ಟಿ ಎಂದಿದ್ದಲ್ಲಿ ಮದುವೆ ಮನೆ ಎಂದು ಬಾಯಲ್ಲಿ ವಿವರಿಸದಿದ್ದರೆ ಕನ್ನಡ ಮಾಧ್ಯಮದ ಮಗು ಸಿನಿಮಾದಲ್ಲಿ ಕಂಡ ಪಾರ್ಟಿಗೆ ಉತ್ತರ ಕೊಡುತ್ತದೆ. ವರದಿ ತೆರೆಯುವ ಮೊದಲು ತನ್ನ ನಾಲ್ಕಕ್ಷರವನ್ನು ತಾನೇ ಊಹಿಸಿ ಬರೆಯಬೇಕು. ಆಮೇಲೆ ವರದಿ ನೋಡಿ, ಹೊಂದದ ಅಕ್ಷರಕ್ಕೆ ಜೀವನದ ಮೂರು ಪ್ರಸಂಗ ನೆನೆಯಬೇಕು. ಪ್ರಸಂಗಗಳು ಯಾವ ಕಡೆಗೆ ವಾಲುತ್ತವೋ ಅದೇ ಅಕ್ಷರ. ಕೊನೆಯ ಮಾತು ವರದಿಯದಲ್ಲ, ಉತ್ತರ ಕೊಟ್ಟವರದು. ಇದನ್ನು ರೂಪಿಸಿದವರದೇ ನಿಯಮ ಇದು.

ಎಲ್ಲಿ ಎಡವುತ್ತೀಯ

ಹಾಗಾದರೆ ಇದರಿಂದ ಉಪಯೋಗವೇನು? ಯಾವ ಕೆಲಸ ಎಂದು ಕೇಳಿದರೆ ಈ ಅಕ್ಷರಗಳು ತಡವರಿಸುತ್ತವೆ. ಅದಕ್ಕೆ ಆಸಕ್ತಿಯನ್ನು ಅಳೆಯುವ, ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಅವರ ಆರು ಗುಂಪಿನ ಪ್ರಶ್ನಾವಳಿ ಇದೆ. ಅಮೆರಿಕದ ಕಾರ್ಮಿಕ ಇಲಾಖೆಯ ತಾಣದಲ್ಲಿ ಅದರ 60 ಪ್ರಶ್ನೆಗಳ ರೂಪ ಪುಕ್ಕಟೆ. ಯಾವುದರಲ್ಲಿ ಶಕ್ತಿ ಎಂದು ತಿಳಿಯಲು ಎನ್‌ಸಿಇಆರ್‌ಟಿ ಮತ್ತು ಸಿಬಿಎಸ್‌ಇ 2019ರಲ್ಲಿ ಒಂಬತ್ತು–ಹತ್ತನೇ ತರಗತಿಯವರಿಗೆ ತಂದ ‘ತಮನ್ನಾ’ ಪರೀಕ್ಷೆ ಇದೆ. ಭಾಷೆ, ಸಂಖ್ಯೆ, ಯಂತ್ರ, ಆಕಾರಗಳ ಗ್ರಹಿಕೆ ಎಂದು ಏಳು ಭಾಗಗಳಲ್ಲಿ ಅಳೆಯುತ್ತದೆ. ನಾಲ್ಕಕ್ಷರ ಹೇಳುವುದು ಮೂರನೆಯ ಸಂಗತಿಯನ್ನು: ಆರಿಸಿಕೊಳ್ಳುವಾಗ ನೀನು ಎಲ್ಲಿ ಎಡವುವ ಸಂಭವ ಹೆಚ್ಚು. ಹದಿನೈದು–ಹದಿನೆಂಟರ ವಯಸ್ಸಿನಲ್ಲಿ ಇದು ಸಣ್ಣ ಉಪಕಾರವೇನಲ್ಲ.

ಪಿಯುಸಿ ಸಂಯೋಜನೆಯನ್ನೇ ನೋಡಿ. ಪಿ ಒಲವಿನ ಮಗು ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಆರಿಸುವುದು ಹಲವು ಸಲ ಜೀವಶಾಸ್ತ್ರದ ಮೇಲಿನ ಪ್ರೀತಿಯಿಂದಲ್ಲ. ವೈದ್ಯಕೀಯದ ನೀಟ್ ಬಾಗಿಲೂ ಎಂಜಿನಿಯರಿಂಗಿನ ಸಿಇಟಿ ಬಾಗಿಲೂ ತೆರೆದಿರಲಿ, ತೀರ್ಮಾನ ಎರಡು ವರ್ಷ ಮುಂದೆ ಹೋಗಲಿ ಎಂದು. ಬಾಗಿಲು ತೆರೆದಿಡುವುದಕ್ಕೂ ಬಾಡಿಗೆ ಇದೆ: ಎರಡು ಭಾಷೆಯ ಜೊತೆ ನಾಲ್ಕು ವಿಜ್ಞಾನ ವಿಷಯ, ಎರಡು ಪ್ರವೇಶ ಪರೀಕ್ಷೆಯ ತಯಾರಿ, ಕೊನೆಗೆ ಎರಡರಲ್ಲೂ ಅರೆಬರೆ ರ‍್ಯಾಂಕ್. ಜೆ ಮಗುವಿನ ತಪ್ಪು ಇದಕ್ಕೆ ತಿರುವುಮುರುವು. ಏಳನೇ ತರಗತಿಯಲ್ಲಿ ‘ಡಾಕ್ಟರ್’ ಎಂದು ಹೇಳಿ, ನೆಂಟರೆಲ್ಲ ಭೇಷ್ ಅಂದು, ಆಮೇಲೆ ಅದನ್ನು ಮರುಪರಿಶೀಲಿಸುವುದೇ ಸೋಲು ಎಂದು ಭಾವಿಸುತ್ತದೆ. ಪಿ ಮಗುವಿಗೆ ಕೊಡಬೇಕಾದದ್ದು ದಿನಾಂಕ: ‘ಪ್ರಥಮ ಪಿಯುಸಿಯ ಅರ್ಧವಾರ್ಷಿಕ ಮುಗಿದ ಭಾನುವಾರ ನೀಟೋ ಸಿಇಟಿಯೋ ಒಂದನ್ನು ಬಿಡುತ್ತೇವೆ.’ ಜೆ ಮಗುವಿಗೆ ಕೊಡಬೇಕಾದದ್ದು ಪ್ರಶ್ನೆ: ‘ಈ ತೀರ್ಮಾನ ತಪ್ಪು ಎಂದು ತಿಳಿಯಬೇಕಾದರೆ ನಿನಗೆ ಏನು ಕಾಣಬೇಕು?’

ಎಸ್ ಮತ್ತು ಎನ್ ಎಡವುವುದು ಇನ್ನೂ ಸ್ಪಷ್ಟವಾಗಿ ಕಾಣುವುದು ಸಿಇಟಿಯ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಬರೆಯುವಾಗ. ಎಸ್ ಒಲವಿನವರು ಹಿಂದಿನ ವರ್ಷದ ಕಟ್‌ಆಫ್ ಹಾಳೆ ಮುಂದಿಟ್ಟುಕೊಂಡು, ತಮ್ಮ ರ‍್ಯಾಂಕಿಗೆ ಸಿಗುವಂಥವನ್ನೇ ಮೇಲೆ ಬರೆಯುತ್ತಾರೆ. ಇದು ನೇರ ನಷ್ಟ. ಸೀಟು ಹಂಚುವಾಗ ಗಣಕಯಂತ್ರ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ, ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಬರುತ್ತದೆ. ಸಿಗಲಾರದ ಕಾಲೇಜನ್ನು ಮೊದಲು ಬರೆದದ್ದಕ್ಕೆ ದಂಡವಿಲ್ಲ. ಸಿಗುವುದನ್ನು ಮೊದಲು ಬರೆದರೆ ಅದೇ ಸಿಕ್ಕಿ, ಬೇಕಾದದ್ದು ಸಿಗುವಂತಿದ್ದರೂ ತಪ್ಪಿಹೋಗುತ್ತದೆ. ಎನ್ ಒಲವಿನವರು ಬೇರೆ ತರಹ. ಕನಸಿನ ಇಪ್ಪತ್ತು ಆಪ್ಷನ್ ಬರೆದು ಲಾಗೌಟ್ ಆಗುತ್ತಾರೆ. ಇಪ್ಪತ್ತೂ ತಮ್ಮ ರ‍್ಯಾಂಕಿನ ಆಚೆಗಿದ್ದರೆ ಆ ಸುತ್ತಿನಲ್ಲಿ ಏನೂ ಇಲ್ಲ. ಪಟ್ಟಿಯ ತಲೆ ಎನ್ ಬರೆಯಬೇಕು, ಬುಡ ಎಸ್ ಬರೆಯಬೇಕು. ನಿಜವಾದ ಹಂಚಿಕೆಗೆ ಮೊದಲು ಅಣಕು ಹಂಚಿಕೆ (ಮಾಕ್ ಅಲಾಟ್ಮೆಂಟ್) ಬಂದಾಗ ತಿದ್ದಲು ಅವಕಾಶ ಸಿಗುತ್ತದೆ, ಆ ದಿನ ಇಬ್ಬರೂ ಒಂದೇ ಪರದೆಯ ಮುಂದೆ ಕೂರಬೇಕು.

ಸೀಟು ಸಿಕ್ಕ ಮೇಲಿನ ನಾಲ್ಕು ಚಾಯ್ಸ್‌ಗಳಂತೂ ಸ್ವಭಾವದ ಪರೀಕ್ಷೆಯೇ ಸರಿ. ಒಂದು: ಒಪ್ಪಿದೆ, ಸೇರುತ್ತೇನೆ. ಎರಡು: ಒಪ್ಪಿದೆ, ಆದರೆ ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಬೇಕು. ಮೂರು: ಒಪ್ಪಿಲ್ಲ, ಮುಂದಿನ ಸುತ್ತಿಗೆ. ನಾಲ್ಕು: ನಾನಿಲ್ಲ. ಜೆ ಮಕ್ಕಳ, ಅದಕ್ಕಿಂತ ಹೆಚ್ಚಾಗಿ ಜೆ ಅಪ್ಪಂದಿರ ಕೈ ಒಂದರ ಮೇಲೆ ಹೋಗುತ್ತದೆ, ಒಮ್ಮೆ ಮುಗಿದರೆ ಸಾಕು ಎಂದು. ಪಿ ಮಕ್ಕಳು ಮೂರನ್ನು ಒತ್ತುತ್ತಾರೆ, ಕೈಯಲ್ಲಿದ್ದ ಸೀಟು ಅಲ್ಲಿಗೆ ಹೋಯಿತೆಂದು ಆಮೇಲೆ ಹೊಳೆಯುತ್ತದೆ. ಎರಡನ್ನು ಒತ್ತಬೇಕಾದ ಎಷ್ಟೋ ಮಂದಿ ಅದನ್ನು ಓದಿಯೇ ಇರುವುದಿಲ್ಲ. ನಿಯಮಗಳು ಆಗಾಗ ಸಣ್ಣಪುಟ್ಟ ಬದಲಾಗುತ್ತವೆ, ಆ ವರ್ಷದ ಸೂಚನೆಯನ್ನು ಮನೆಯಲ್ಲಿ ಯಾರಿಗೆ ಸಣ್ಣ ಅಕ್ಷರ ಓದುವ ತಾಳ್ಮೆ ಇದೆಯೋ ಅವರು ಓದಲಿ.

ಕೆಲಸದೊಳಗಿನ ಮೂಲೆ

ಇಸಾಬೆಲ್ ಮೈಯರ್ಸ್ ಐದು ಸಾವಿರಕ್ಕೂ ಹೆಚ್ಚು ವೈದ್ಯ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟಿದ್ದರು. ಸುಮಾರು ಹನ್ನೆರಡು ವರ್ಷದ ನಂತರ ಅವರು ಯಾವ ವಿಭಾಗದಲ್ಲಿದ್ದಾರೆ ಎಂದು ನೋಡಿದರೆ, ಟೈಪಿಗೂ ವಿಭಾಗಕ್ಕೂ ನಂಟು ಕಂಡಿತು. ಎಲ್ಲ ಬಗೆಯವರೂ ಡಾಕ್ಟರೇ, ಸೇರಿಕೊಂಡ ಮೂಲೆ ಬೇರೆ. ಪಟ್ಟಿಗಳಿಗಿಂತ ಈ ಸಂಗತಿ ನನಗೆ ಹೆಚ್ಚು ಅರ್ಥವತ್ತಾಗಿ ಕಾಣುತ್ತದೆ. ಸಿವಿಲ್ ಎಂಜಿನಿಯರ್ ಎಂದರೆ ಸೈಟಿನಲ್ಲಿ ನಲವತ್ತು ಜನರ ನಡುವೆ ಬೆಳಗ್ಗೆ ಏಳಕ್ಕೆ ಕಾಂಕ್ರೀಟ್ ಲಾರಿಗೆ ಕಾಯುವವನೂ ಹೌದು, ಎಸಿ ಕೋಣೆಯಲ್ಲಿ ಕಂಬಿಯ ಲೆಕ್ಕ ಹಾಕುತ್ತ ಇಡೀ ದಿನ ಯಾರ ಜೊತೆಗೂ ಮಾತಾಡದವನೂ ಹೌದು. ವಕೀಲಿಕೆಯಲ್ಲಿ ಕೋರ್ಟ್ ಹಾಲ್ ಇದೆ, ಕ್ರಯಪತ್ರ ಬರೆಯುವ ಕೋಣೆಯೂ ಇದೆ. ಆ ಅಡಿಕೆ ತೋಟದ ಹುಡುಗಿಗೆ ‘ಎಂಜಿನಿಯರಿಂಗ್ ಒಗ್ಗಲ್ಲ’ ಎನ್ನುವ ಬದಲು, ಯಾವ ಬಗೆಯ ಎಂಜಿನಿಯರ್ ಕೆಲಸದಲ್ಲಿ ಯಾರಿಗೆ ನೆರವಾಯಿತು ಎಂದು ಕಣ್ಣಿಗೆ ಕಾಣುತ್ತದೆ, ಕೂತು ಯೋಚಿಸಲು ಹೊತ್ತು ಸಿಗುತ್ತದೆ ಎಂದು ಕೇಳಿದ್ದರೆ ವರದಿಯ ಕಾಸು ವಸೂಲಾಗುತ್ತಿತ್ತು.

ಮೂಲೆ ಗೊತ್ತಾಗುವುದು ಹೋಗಿ ನೋಡಿದಾಗ. ಅರ್ಧ ದಿನ ಸಾಕು. ಅಂತರ್ಮುಖಿ ಮಗು ಐದು ಪ್ರಶ್ನೆ ಬರೆದುಕೊಂಡು ಒಬ್ಬರ ಹತ್ತಿರ ಮಾತ್ರ ಮಾತಾಡಲಿ. ಬಹಿರ್ಮುಖಿ ಮಗು ಮೂವರ ಹತ್ತಿರ ಮಾತಾಡಲಿ, ಆದರೆ ಬಂದ ಸಂಜೆಯೇ ಬರೆದಿಡಲಿ, ಇಲ್ಲವಾದರೆ ಕೊನೆಯಲ್ಲಿ ಸಿಕ್ಕವರ ಮಾತೇ ಮೂವರ ಮಾತಾಗುತ್ತದೆ. ಎಲ್ಲರೂ ಕೇಳಬೇಕಾದ ಪ್ರಶ್ನೆ ಒಂದಿದೆ: ‘ನಿನ್ನೆ ಬೆಳಗ್ಗೆಯಿಂದ ಸಂಜೆವರೆಗೆ ಗಂಟೆಗಂಟೆಗೆ ಏನು ಮಾಡಿದಿರಿ?’ ‘ನಿಮ್ಮ ಕೆಲಸ ಹೇಗಿದೆ’ ಎಂದರೆ ಭಾಷಣ ಬರುತ್ತದೆ. ನಿನ್ನೆಯ ಲೆಕ್ಕ ಕೇಳಿದರೆ ನಿಜ ಬರುತ್ತದೆ.

ನಾಲ್ಕು ಕಂಬದ ಹಾಳೆ

ಶಿಬಿರದ ಆ ಮೇಜಿಗೆ ಮರಳೋಣ. ಪಕ್ಕದ ಮೇಜಿನಲ್ಲಿದ್ದ ವಯಸ್ಸಾದ ಸಮಾಲೋಚಕಿ ಇಷ್ಟೂ ಹೊತ್ತು ಕೇಳಿಸಿಕೊಳ್ಳುತ್ತಿದ್ದವರು ಎದ್ದು ಬಂದು, ಹುಡುಗಿಯ ಕೈಯಿಂದ ವರದಿ ತೆಗೆದುಕೊಂಡು ಕೊನೆಯ ಪುಟವನ್ನು ಮಗುಚಿದರು. ಖಾಲಿ ಬೆನ್ನಿನ ಮೇಲೆ ಮೂರು ಗೆರೆ ಎಳೆದರು, ನಾಲ್ಕು ಕಂಬಗಳಾದವು. ಟೈಪ್ ಬಲ್ಲವರಿಗೆ ಇದು ಹಳೆಯ ವಿಧಾನ: ಎಸ್, ಎನ್, ಟಿ, ಎಫ್ ನಾಲ್ಕನ್ನೂ ಒಂದಾದ ಮೇಲೊಂದು, ಬಿಡದೆ ಬಳಸುವುದು. ಮೊದಲ ಕಂಬದಲ್ಲಿ ಗೊತ್ತಿರುವ ಸಂಗತಿ ಮಾತ್ರ. ಎರಡನೆಯದರಲ್ಲಿ ಇನ್ನೇನೇನು ಆಗಬಹುದು. ಮೂರನೆಯದರಲ್ಲಿ ಒಂದೊಂದರ ಲಾಭ, ನಷ್ಟ, ಖರ್ಚು. ನಾಲ್ಕನೆಯದರಲ್ಲಿ ಯಾರಿಗೆ ಏನನ್ನಿಸುತ್ತದೆ. ಒಂದೊಂದಕ್ಕೆ ಹತ್ತು ನಿಮಿಷ, ಒಂದು ಮುಗಿಯದೆ ಮುಂದಿನದಕ್ಕೆ ಹೋಗುವಂತಿಲ್ಲ. ಪ್ರತಿ ಮನೆಯೂ ತನಗೆ ಸಲೀಸಾದ ಕಂಬವನ್ನು ತುಂಬಿ ತುಳುಕಿಸಿ, ಬಾರದ ಕಂಬದಲ್ಲಿ ಎರಡು ಸಾಲು ಗೀಚಿ ಎದ್ದುಬಿಡುತ್ತದೆ. ಎಡವುವುದು ಆ ಖಾಲಿ ಕಂಬದಲ್ಲೇ.

ಮೊದಲ ಕಂಬ ತುಂಬಿದ್ದು ಅಷ್ಟು ಹೊತ್ತೂ ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದ ಅಮ್ಮ. ಪಟ್ಟಣದ ಕಾಲೇಜಿಗೆ 7.10ರ ಬಸ್ಸು, ಅದು ತಪ್ಪಿದರೆ 8.45ಕ್ಕೆ, ಆಗ ಮೊದಲ ಪೀರಿಯಡ್ ಹೋಯಿತು. ಜೀವಶಾಸ್ತ್ರ ಬಿಟ್ಟರೆ ನೀಟ್ ಕಷ್ಟ, ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಸೈನ್ಸ್ ಓದಿದವರು ಬಿಕಾಂಗೆ ಹೋಗಬಹುದು, ಸಿಎ ಫೌಂಡೇಷನ್ ಬರೆಯಬಹುದು. ಕಾಮರ್ಸ್ ಓದಿ ಎಂಜಿನಿಯರಿಂಗ್‌ಗೆ ಬರಲಾಗದು. ಎರಡನೆಯದು ಹುಡುಗಿಯ ಕಂಬ, ಪೆನ್ನು ನಿಲ್ಲಲಿಲ್ಲ: ಪಿಸಿಎಂಸಿ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್), ಡಿಪ್ಲೊಮಾ ಮಾಡಿ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗ್, ಕೃಷಿ ಎಂಜಿನಿಯರಿಂಗ್. ಈ ಕೊನೆಯ ಹೆಸರನ್ನು ಅಪ್ಪ ಕೇಳಿರಲಿಲ್ಲ. ‘ಅಂಥದ್ದೂ ಇದೆಯಾ?’ ಎಂದು ಎರಡು ಸಲ ಕೇಳಿದರು. ಮೂರನೆಯದನ್ನು ಅಪ್ಪ ತುಂಬಿದರು, ಹಾಸ್ಟೆಲ್ ಶುಲ್ಕದಿಂದ ಹಿಡಿದು ಕೋಚಿಂಗಿನವರೆಗೆ ಕೂಡಿಸಿ ಕಳೆದು.

ನಾಲ್ಕನೆಯ ಕಂಬಕ್ಕೆ ಬಂದಾಗ ಎಲ್ಲರೂ ಸುಮ್ಮನಾದರು. ಎಫ್ ಎಂದು ವರದಿಯಲ್ಲಿ ಬರೆಸಿಕೊಂಡಿದ್ದ ಹುಡುಗಿಯೂ. ಹತ್ತು ನಿಮಿಷದಲ್ಲಿ ಆರು ಕಳೆದವು. ಕೊನೆಗೆ ಅವಳು ಪೆನ್ನು ತೆಗೆದುಕೊಂಡು ಸಣ್ಣಕ್ಷರದಲ್ಲಿ ಬರೆದಳು: ‘ಪಿಸಿಎಂಸಿ ತಗೊಂಡ್ರೆ ಅಪ್ಪ ಎರಡು ದಿನ ಮಾತಾಡಲ್ಲ.’ ಅಪ್ಪ ಕನ್ನಡಕ ಸರಿಮಾಡಿಕೊಂಡು ಓದಿದರು. ಜೇಬಿನಿಂದ ತಮ್ಮದೇ ಪೆನ್ನು ತೆಗೆದು, ‘ಎರಡು’ ಎಂದಿದ್ದನ್ನು ಹೊಡೆದುಹಾಕಿ ಮೇಲೆ ‘ಒಂದು’ ಎಂದು ಬರೆದರು.